ಹೆಗಲಿಗೆ ಹಗುರ, ಕೈಗೆ ಹತ್ತಿರ

ಮೈಸೂರಿನ ಒಂದು ಬಡಾವಣೆಯಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರಿಗೆ ನಲವತ್ತು ದಾಟಿದ ಮೇಲೆ ಛಾಯಾಗ್ರಹಣದ ಹವ್ಯಾಸ ಹತ್ತಿತು. ಹತ್ತಿದ್ದು ಅರೆಮನಸ್ಸಿನ ಹವ್ಯಾಸವಲ್ಲ. ಉಳಿತಾಯದ ಹಣದಲ್ಲಿ ಒಳ್ಳೆಯ ಕ್ಯಾಮರಾ ಬಂದಿತು. ಅದರ ಬೆನ್ನಿಗೇ ಒಂದು ದೊಡ್ಡ ಲೆನ್ಸು, ಅದಕ್ಕಿಂತ ದೊಡ್ಡದಾದ ಇನ್ನೊಂದು ಲೆನ್ಸು, ಫ್ಲಾಷ್ ದೀಪ ಎಲ್ಲವೂ ಸಾಲಾಗಿ ಬಂದುವು. ಇಷ್ಟನ್ನೂ ತುಂಬಲು ಚೀಲವೊಂದು ಬೇಕಷ್ಟೆ? ಮುಂದೆ ಕೊಳ್ಳಬಹುದಾದ ಸಾಮಗ್ರಿಗೂ ಸ್ಥಳವಿರಲೆಂಬ ದೂರಾಲೋಚನೆಯಿಂದ ಅವರು ಅಂಗಡಿಯಲ್ಲಿದ್ದ ಅತಿ ದೊಡ್ಡ ಚೀಲವನ್ನೇ ಆರಿಸಿದರು. ಒಳಗೆ ದಪ್ಪನೆಯ ಮೆತ್ತೆ, ಹೊರಗೆ ಎಂಟು ಜೇಬು, ಮೇಲೆ ಎರಡು ಬೀಗದ ಕೊಂಡಿ. ನೋಡಿದವರೆಲ್ಲ ಭೇಷ್ ಎಂದರು.

ಮೊದಲ ತಿಂಗಳು ಚೀಲ ಅವರೊಡನೆ ಎಲ್ಲೆಡೆಗೂ ಹೋಯಿತು. ಎರಡನೆಯ ತಿಂಗಳು ಭಾನುವಾರಗಳಲ್ಲಿ ಮಾತ್ರ ಹೊರಬಿದ್ದಿತು. ಮೂರನೆಯ ತಿಂಗಳಿಗೆ ಅಲಮಾರಿನ ನೆತ್ತಿಯನ್ನೇರಿ ಕುಳಿತಿತು. ಒಂದು ಸಂಜೆ ಮನೆಯವರೆಲ್ಲ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಲು ಹೋಗಿದ್ದರು. ಯಜಮಾನರ ವೃದ್ಧ ತಾಯಿ ಕಲ್ಲುಬೆಂಚಿನ ಮೇಲೆ ಕುಳಿತು, ಮೊಮ್ಮಗಳ ಗಲ್ಲವನ್ನು ಹಿಡಿದು ತಿರುಗಿಸಿ, ನೀರಿನ ನಡುವಣ ಮರದ ಮೇಲೆ ಇಳಿಯುತ್ತಿದ್ದ ಹೆಜ್ಜಾರ್ಲೆಗಳನ್ನು ತೋರಿಸುತ್ತಿದ್ದರು. ಇಳಿಬಿಸಿಲು ಆಕೆಯ ನರೆಗೂದಲ ಅಂಚಿಗೆ ತಾಗಿತ್ತು. ಸ್ವಲ್ಪ ದೂರದಲ್ಲಿ ನಿಂತಿದ್ದ ಯಜಮಾನರ ಕೈ ತನಗೆ ತಾನೇ ಹೆಗಲಿನತ್ತ ಹೋಯಿತು. ಹೆಗಲು ಬರಿದಾಗಿತ್ತು. ಅಂಗಿಯ ಜೇಬಿನಿಂದ ಫೋನನ್ನು ತೆಗೆದು ಕ್ಲಿಕ್ಕಿಸಿದರು. ಅಷ್ಟು ದೂರದಿಂದ ತೆಗೆದ ಆ ಚಿತ್ರದಲ್ಲಿ ಕೆರೆ ಬಂದಿತು, ಆಕಾಶ ಬಂದಿತು. ಅಜ್ಜಿ ಮೊಮ್ಮಗಳಿಬ್ಬರೂ ಇರುವೆಯಷ್ಟಾದರು. ಹತ್ತಿರ ಹೋಗುವ ವೇಳೆಗೆ ಹುಡುಗಿ ಎದ್ದು ಓಡಿದ್ದಳು. ಮುಂದಿನ ಭಾನುವಾರ ಕ್ಯಾಮರಾವನ್ನು ತಂದು ತೆಗೆದರಾಯಿತೆಂದು ಅವರು ಸಮಾಧಾನ ತಂದುಕೊಂಡರು. ಆ ಭಾನುವಾರ ಮಳೆ ಬಂದಿತು. ಅದರ ಮರುವಾರ ಬೇರೇನೋ ಕೆಲಸ ಬಂದಿತು. ಮರುವರ್ಷದ ಯುಗಾದಿಗೆ ಆ ತಾಯಿ ಇರಲಿಲ್ಲ.

ಕ್ಯಾಮರಾದಲ್ಲಿ ದೋಷವಿರಲಿಲ್ಲ, ತೆಗೆಯುವವರ ಕೈಯಲ್ಲಿಯೂ ದೋಷವಿರಲಿಲ್ಲ. ದೋಷವಿದ್ದುದು ಚೀಲದಲ್ಲಿ. ಕ್ಯಾಮರಾವನ್ನು ಕೊಳ್ಳುವಾಗ ತಿಂಗಳುಗಟ್ಟಲೆ ವಿಚಾರಿಸುವ ಜನ ಅದನ್ನು ಹೊರುವ ಚೀಲವನ್ನು ಐದು ನಿಮಿಷದಲ್ಲಿ ಆರಿಸಿಬಿಡುತ್ತಾರೆ. ಆದರೆ ಕ್ಯಾಮರಾ ಮನೆಯಿಂದ ಹೊರಡುವುದೋ ಇಲ್ಲವೋ ಎಂಬುದನ್ನು ನಿತ್ಯವೂ ನಿರ್ಧರಿಸುವುದು ಈ ಚೀಲವೇ.

ಭಾರದಿಂದ ಹುಟ್ಟಿದ ವಿದ್ಯೆ

ಕ್ಯಾಮರಾದ ಚರಿತ್ರೆಯೆಂದರೆ ಒಂದರ್ಥದಲ್ಲಿ ಭಾರವನ್ನು ಇಳಿಸಿದ ಚರಿತ್ರೆಯೇ. ಜರ್ಮನಿಯ ವೆಟ್ಸ್‌ಲರ್ ಪಟ್ಟಣದಲ್ಲಿ ಲೈಟ್ಸ್ ಸಂಸ್ಥೆಯ ಯಂತ್ರಶಿಲ್ಪಿಯಾಗಿದ್ದ ಆಸ್ಕರ್ ಬಾರ್ನಾಕ್ ಎಂಬಾತನಿಗೆ ಉಬ್ಬಸದ ರೋಗವಿತ್ತು. ಗುಡ್ಡಗಾಡುಗಳಲ್ಲಿ ಅಲೆದು ಚಿತ್ರ ತೆಗೆಯುವ ಆಸೆಯೂ ಅಷ್ಟೇ ಬಲವಾಗಿತ್ತು. ಗಾಜಿನ ಫಲಕಗಳನ್ನೂ ಪೆಟ್ಟಿಗೆಯಂಥ ಕ್ಯಾಮರಾವನ್ನೂ ಹೊತ್ತು ಏರುವುದು ಅವನಿಗೆ ಆಗದ ಮಾತು. ಚಲನಚಿತ್ರಕ್ಕೆ ಬಳಸುವ ಸಣ್ಣ ಫಿಲಂ ಸುರುಳಿಯನ್ನೇ ಉಪಯೋಗಿಸಿ, ಅಂಗಿಯ ಜೇಬಿಗೆ ಹಿಡಿಸುವಂಥ ಪುಟ್ಟ ಕ್ಯಾಮರಾವೊಂದನ್ನು ಅವನು 1913–14ರ ಸುಮಾರಿಗೆ ರಚಿಸಿದನು. ಅದೇ 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಛಾಯಾಗ್ರಾಹಕನು ಬೀದಿಗೆ, ಸಂತೆಗೆ, ರೈಲಿನ ಡಬ್ಬಿಗೆ ಸರಾಗವಾಗಿ ಪ್ರವೇಶಿಸಿದುದು ಇಂಥ ಹಗುರವಾದ ಯಂತ್ರಗಳು ಬಂದ ಅನಂತರವೇ.

ಆದರೆ ಮನುಷ್ಯನ ಸ್ವಭಾವ ವಿಚಿತ್ರ. ಕ್ಯಾಮರಾ ಚಿಕ್ಕದಾದಂತೆಲ್ಲ ಅದರ ಪರಿವಾರ ದೊಡ್ಡದಾಯಿತು. ಲೆನ್ಸುಗಳು ಎರಡಾದುವು, ನಾಲ್ಕಾದುವು. ವೃತ್ತಿನಿರತರು ಇವನ್ನೆಲ್ಲ ಗಟ್ಟಿ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ತಿರುಗಬೇಕಾಯಿತು. ಅಮೆರಿಕದ ಫಿಲಡೆಲ್ಫಿಯಾ ನಗರದ ಪತ್ರಿಕೆಯೊಂದರ ಛಾಯಾಗ್ರಾಹಕ ಜಿಮ್ ಡಾಮ್ಕೆ ಈ ಪೆಟ್ಟಿಗೆಗಳ ಸಹವಾಸಕ್ಕೆ ಬೇಸತ್ತು, 1976ರಲ್ಲಿ ಹತ್ತಿಯ ಕ್ಯಾನ್ವಾಸ್ ಬಟ್ಟೆಯಿಂದ ಮೆತ್ತಗಿನ ಹೆಗಲುಚೀಲವೊಂದನ್ನು ರೂಪಿಸಿದನು. ದೇಹಕ್ಕೆ ಒರಗಿ ಬಾಗುವ, ನಿಂತಲ್ಲಿಯೇ ಕೈ ಹಾಕಿ ಸಾಮಗ್ರಿಯನ್ನು ತೆಗೆಯಬಹುದಾದ ಆ ಚೀಲ ಪತ್ರಿಕಾ ಛಾಯಾಗ್ರಾಹಕರಲ್ಲಿ ಮನೆಮಾತಾಯಿತು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. 1973ರಲ್ಲಿ ಆರಂಭವಾದ ಆ ಸಂಸ್ಥೆ ಮೊದಲು ತಯಾರಿಸುತ್ತಿದ್ದುದು ಮೀನು ಹಿಡಿಯುವ ಹವ್ಯಾಸಿಗಳ ಚೀಲಗಳನ್ನು. ಆ ಚೀಲಗಳನ್ನು ನ್ಯೂಯಾರ್ಕಿನ ಛಾಯಾಗ್ರಾಹಕರು ಕ್ಯಾಮರಾ ಇಡಲೆಂದು ಕೊಳ್ಳುತ್ತಿದ್ದಾರೆಂಬುದು ಕೆಲವು ವರ್ಷಗಳ ಮೇಲೆ ತಯಾರಕರಿಗೆ ತಿಳಿದುಬಂದಿತು. ಅಲ್ಲಿಂದ ಮುಂದೆ ಅವರು ಕ್ಯಾಮರಾ ಚೀಲಗಳನ್ನೇ ಹೊಲಿಯತೊಡಗಿದರು. ನೀರಿನ ಅಂಚಿನಲ್ಲಿ ಗಂಟೆಗಟ್ಟಲೆ ಕಾದು, ಥಟ್ಟನೆ ಕೈ ಹಾಕಿ ಬೇಕಾದುದನ್ನು ತೆಗೆಯುವ ಅವಶ್ಯಕತೆ ಮೀನು ಹಿಡಿಯುವವನಿಗೂ ಚಿತ್ರ ಹಿಡಿಯುವವನಿಗೂ ಒಂದೇ ತೆರನಾದದ್ದಲ್ಲವೇ?

ಈ ಎರಡು ಕಥೆಗಳ ತಾತ್ಪರ್ಯ ಇಷ್ಟೆ: ಒಳ್ಳೆಯ ಚೀಲ ಸಾಮಗ್ರಿಯ ಉಗ್ರಾಣವಲ್ಲ, ಕೈಯ ವಿಸ್ತರಣೆ.

ಮೊದಲು ತಕ್ಕಡಿ, ಆಮೇಲೆ ಅಂಗಡಿ

ಚೀಲವನ್ನು ಕೊಳ್ಳುವ ಮೊದಲು ಅಡಿಗೆಯ ಮನೆಯ ತಕ್ಕಡಿಯನ್ನು ಕೇಳುವುದು ಒಳ್ಳೆಯದು. ಪೂರ್ಣ ಪ್ರಮಾಣದ ಸೆನ್ಸರುಳ್ಳ ಕ್ಯಾಮರಾದ ಒಡಲು ಸುಮಾರು 700 ಗ್ರಾಂ ತೂಗುತ್ತದೆ. 24–70 ಮಿಲಿಮೀಟರಿನ ದೊಡ್ಡ ಬಾಯಿಯ ಲೆನ್ಸು 800ರಿಂದ 1,000 ಗ್ರಾಂ. 70–200 ಮಿಲಿಮೀಟರಿನದು ಹಲವು ಮಾದರಿಗಳಲ್ಲಿ ಒಂದೂವರೆ ಕಿಲೋಗ್ರಾಮಿನ ಆಸುಪಾಸು. ಫ್ಲಾಷ್ ದೀಪ 400 ಗ್ರಾಂ ದಾಟುತ್ತದೆ. ದಪ್ಪ ಮೆತ್ತೆಯ ದೊಡ್ಡ ಚೀಲ ಬರಿದಾಗಿದ್ದಾಗಲೂ ಒಂದು ಕಿಲೋವನ್ನು ಮೀರುವುದುಂಟು. ಇದರ ಜೊತೆಗೆ ಅರ್ಧ ಲೀಟರು ನೀರು. ಎಲ್ಲವನ್ನೂ ಕೂಡಿದರೆ ಐದು ಕಿಲೋ ಆಗುತ್ತದೆ. ಒಂದು ಹೆಗಲಿನಲ್ಲಿ ಐದು ಕಿಲೋ ಅಕ್ಕಿಯ ಚೀಲವನ್ನು ತೂಗುಹಾಕಿಕೊಂಡು ಸಂಜೆಯವರೆಗೆ ಜಾತ್ರೆಯನ್ನು ಸುತ್ತಿ ಬಾ ಎಂದರೆ ಒಪ್ಪುವವರು ಯಾರು? ಅದೇ ಭಾರಕ್ಕೆ ಕ್ಯಾಮರಾ ಎಂಬ ಹೆಸರಿಟ್ಟೊಡನೆ ಒಪ್ಪಿಬಿಡುತ್ತಾರೆ.

ಮಕ್ಕಳ ಶಾಲಾಚೀಲ ಅವರ ತೂಕದ ಹತ್ತನೆಯ ಒಂದು ಪಾಲನ್ನು ಮೀರಕೂಡದೆಂದು ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ಅದು ಬೆನ್ನಿನ ಮೇಲೆ ಎರಡು ಪಟ್ಟಿಗಳಿಂದ ಸಮನಾಗಿ ಹೊರುವ ಚೀಲದ ಮಾತು. ಎಲ್ಲ ಭಾರವನ್ನೂ ಒಂದೇ ಹೆಗಲಿಗೆ ಹಾಕುವ ಹೆಗಲುಚೀಲಕ್ಕೆ ಅದರ ಅರ್ಧ ಲೆಕ್ಕವನ್ನು ಹಿಡಿಯುವುದು ವಿವೇಕ. ಅರುವತ್ತು ಕಿಲೋ ತೂಗುವ ವ್ಯಕ್ತಿಗೆ ಮೂರು ಕಿಲೋ ಎಂದಾಯಿತು. ನಿತ್ಯದ ಬಳಕೆಗೆ ಎರಡು ಕಿಲೋ ಒಳಗಿದ್ದರೆ ಇನ್ನೂ ಲೇಸು. ಒಂದೇ ಹೆಗಲಿಗೆ ಭಾರ ಬಿದ್ದಾಗ ಚೀಲ ಜಾರದಂತೆ ಮನುಷ್ಯ ತನಗರಿವಿಲ್ಲದೆಯೇ ಆ ಹೆಗಲನ್ನು ಮೇಲಕ್ಕೆತ್ತಿ ಹಿಡಿಯುತ್ತಾನೆ. ಕತ್ತಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ರಾತ್ರಿ ಬರುವ ತಲೆನೋವಿಗೆ ಬಿಸಿಲನ್ನು ದೂರುವವರು ಎಷ್ಟೋ ಮಂದಿ. ಕಾರಣ ಗೂಟದ ಮೇಲೆ ತೂಗುತ್ತಿರುತ್ತದೆ. ಕತ್ತು, ಬೆನ್ನುಗಳ ಬೇನೆ ಮೊದಲೇ ಇದ್ದವರು ಹೆಗಲುಚೀಲದ ಆಸೆಯನ್ನು ಬಿಟ್ಟು, ವೈದ್ಯರನ್ನು ಕೇಳಿ, ಬೆನ್ನುಚೀಲವನ್ನು ಆಶ್ರಯಿಸತಕ್ಕದ್ದು.

ಹಾಗಾದರೆ ನಿತ್ಯದ ಚೀಲದಲ್ಲಿ ಏನಿರಬೇಕು? ಒಂದು ಕ್ಯಾಮರಾ, ಅದಕ್ಕೆ ಹಾಕಿದ ಒಂದು ಲೆನ್ಸು. ಇನ್ನೊಂದು ಲೆನ್ಸು ಇರಲೇಬೇಕಾದರೆ ಸಣ್ಣದು, ಹಗುರವಾದದ್ದು. 50 ಮಿಲಿಮೀಟರಿನ ಸಾಧಾರಣ ಲೆನ್ಸುಗಳಲ್ಲಿ ಕೆಲವು 160 ಗ್ರಾಂ ಮಾತ್ರ ತೂಗುತ್ತವೆ. ಮನೆಯೊಳಗಿನ ಮಂದ ಬೆಳಕಿಗೂ ಮಕ್ಕಳ ಮುಖಕ್ಕೂ ಅವು ಬಲು ಅನುಕೂಲ. ಒಂದು ಹೆಚ್ಚಿನ ಬ್ಯಾಟರಿ, ಒಂದು ಹೆಚ್ಚಿನ ಮೆಮೊರಿ ಕಾರ್ಡು, ಒರೆಸುವ ಮೆತ್ತನೆಯ ಬಟ್ಟೆ, ಒಂದು ಪ್ಲಾಸ್ಟಿಕ್ ಚೀಲ. ಇಷ್ಟೇ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ದೇಶದ ಉದ್ದಗಲಕ್ಕೂ ತಿರುಗಿ ತೆಗೆದ ಚಿತ್ರಗಳನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅವುಗಳಲ್ಲಿ ಬಹುಭಾಗ ಸಾಮಾನ್ಯ ಜನರ ಸಾಮಾನ್ಯ ದಿನಗಳು. ಆಡುವ ಮಕ್ಕಳು, ದುಡಿಯುವ ಕೈಗಳು. ಅಂಥ ಚಿತ್ರಗಳಿಗೆ ಮುಖ್ಯವಾದದ್ದು ಆ ಕ್ಷಣದಲ್ಲಿ ಆ ಸ್ಥಳದಲ್ಲಿ ಕ್ಯಾಮರಾ ಸಹಿತ ಇರುವುದು.

ಆರಿಸುವ ಬಗೆ

ಅಂಗಡಿಗೆ ಹೋಗುವಾಗ ಸ್ವಂತ ಕ್ಯಾಮರಾವನ್ನು ಜೊತೆಗೆ ಒಯ್ಯಬೇಕು. ಚಿತ್ರಪಟ್ಟಿಕೆಯಲ್ಲಿ ಅಚ್ಚಾದ ಅಳತೆಯನ್ನು ನಂಬಿ ಚೀಲ ಕೊಳ್ಳುವುದು ಪಾದರಕ್ಷೆಯನ್ನು ಅಂಚೆಯಲ್ಲಿ ತರಿಸಿದಂತೆ. ಸಾಮಗ್ರಿಯನ್ನು ಚೀಲದೊಳಗಿಟ್ಟು, ಹೆಗಲಿಗೆ ಹಾಕಿಕೊಂಡು, ಹತ್ತು ನಿಮಿಷ ನಡೆದಾಡಬೇಕು; ಸಾಧ್ಯವಾದರೆ ಮೆಟ್ಟಿಲು ಹತ್ತಿಳಿಯಬೇಕು. ಆಮೇಲೆ ಒಂದೇ ಕೈಯಿಂದ ಮುಚ್ಚಳ ತೆರೆದು ಕ್ಯಾಮರಾವನ್ನು ಹೊರತೆಗೆದು ಮರಳಿ ಇಡುವುದನ್ನು ಐದಾರು ಬಾರಿ ಮಾಡಿನೋಡಬೇಕು. ಅಂಗಡಿಯವನು ನಕ್ಕರೆ ನಗಲಿ. ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬಂತೆ ಮಗಳು ವೇದಿಕೆಯ ಮೇಲೆ ಬಹುಮಾನ ಪಡೆಯುತ್ತಿರುವಾಗ ಕೊಂಡಿಯೊಡನೆ ಹೆಣಗುವುದಕ್ಕಿಂತ ಇದು ಮೇಲು.

ಹೆಗಲ ಪಟ್ಟಿ ಅಗಲವಾಗಿರಬೇಕು. ನಾಲ್ಕೈದು ಸೆಂಟಿಮೀಟರು ಇದ್ದರೆ ಭಾರ ಹರಡಿ ಬೀಳುತ್ತದೆ. ಕಿರಿದಾದ ಪಟ್ಟಿ ದಾರದಂತೆ ಕೊರೆಯುತ್ತದೆ. ಪಟ್ಟಿ ಚೀಲಕ್ಕೆ ಕೂಡುವ ಸ್ಥಳದಲ್ಲಿ ಹೊಲಿಗೆ ಚೌಕಾಕಾರವಾಗಿ, ನಡುವೆ ಅಡ್ಡಗೆರೆಗಳೊಡನೆ ಭದ್ರವಾಗಿದೆಯೇ ಎಂದು ನೋಡತಕ್ಕದ್ದು. ಚೀಲ ಸೊಂಟದ ಮೂಳೆಯ ಬಳಿ ಬಂದು ನಿಲ್ಲುವಂತೆ ಪಟ್ಟಿಯ ಉದ್ದವನ್ನು ಹೊಂದಿಸಿಕೊಳ್ಳಬೇಕು. ಅದಕ್ಕಿಂತ ಕೆಳಗಿದ್ದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ. ಮೇಲಿದ್ದರೆ ಕೈ ಮಡಿಸಿ ಒಳಗೆ ಹಾಕಲಾಗದು. ಸೀರೆಯುಡುವ ಗೃಹಿಣಿಯರು ಚೀಲವನ್ನು ಸೆರಗಿಲ್ಲದ ಬಲಹೆಗಲಿಗೆ ಹಾಕಿಕೊಂಡರೆ ಸೆರಗೂ ಜಾರದು, ಪಟ್ಟಿಯೂ ಜಾರದು.

ಮುಚ್ಚಳದ ವಿಷಯದಲ್ಲಿ ಎರಡು ಮತಗಳುಂಟು. ಜಿಪ್ಪು ಭದ್ರ, ಮಡಿಸುವ ಮುಚ್ಚಳ ಶೀಘ್ರ. ಮೇಲೊಂದು ಮಡಿಸುವ ಮುಚ್ಚಳ, ಅದರ ಕೆಳಗೊಂದು ಜಿಪ್ಪು ಇದ್ದರೆ ಎರಡರ ಗುಣವೂ ದೊರೆಯುತ್ತದೆ. ಪರಪರನೆ ಸದ್ದು ಮಾಡುತ್ತ ಬಿಡಿಸಿಕೊಳ್ಳುವ ವೆಲ್‌ಕ್ರೋ ಪಟ್ಟಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬ ಎಂಜಿನಿಯರನು ತನ್ನ ನಾಯಿಯ ರೋಮಕ್ಕೆ ಅಂಟಿದ ಮುಳ್ಳುಕಾಯಿಗಳನ್ನು ನೋಡಿ ಕಂಡುಹಿಡಿದದ್ದು. ಬಲು ಉಪಯುಕ್ತವಾದ ವಸ್ತುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಗೀತ ಕಛೇರಿಯ ಆಲಾಪನೆಯ ನಡುವೆ, ಧಾರೆಯ ಮಂತ್ರದ ನಡುವೆ, ತೊಟ್ಟಿಲಲ್ಲಿ ಮಲಗಿದ ಕೂಸಿನ ಬಳಿ ಅದರ ಸದ್ದು ಸಹಿಸಲಸಾಧ್ಯ. ಅದಿಲ್ಲದ ಚೀಲವನ್ನಾರಿಸುವುದು ಸಂಸಾರಸ್ಥರಿಗೆ ಕ್ಷೇಮ.

ಬಟ್ಟೆಯಲ್ಲಿ ಕ್ಯಾನ್ವಾಸು ಮೆತ್ತಗಿದ್ದು ದೇಹಕ್ಕೆ ಹೊಂದಿಕೊಳ್ಳುತ್ತದೆ. ನೆನೆದರೆ ಒಣಗಲು ತಡವಾಗುತ್ತದೆ. ನೈಲಾನು ಹಗುರ, ಬೇಗ ಒಣಗುತ್ತದೆ. ಚರ್ಮ ನೋಡಲು ಚೆಂದ. ಆದರೆ ತೂಕ ಹೆಚ್ಚು, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದೂ ಬೇಗ. ಹೊಸ ಚೀಲಕ್ಕೆ ಹಣ ತೆರಲು ಮನಸ್ಸಿಲ್ಲದವರಿಗೆ ಇನ್ನೊಂದು ಸುಲಭೋಪಾಯವಿದೆ. ಮೆತ್ತೆಯ ಗೋಡೆಗಳುಳ್ಳ ಒಳಗೂಡು ಮಾತ್ರ ಬೇರೆಯಾಗಿ ಮಾರಾಟಕ್ಕೆ ಸಿಗುತ್ತದೆ. ಅದನ್ನು ಮನೆಯಲ್ಲಿರುವ ಗಟ್ಟಿಯಾದ ಖಾದಿ ಬಗಲುಚೀಲದೊಳಗೆ ಇಳಿಸಿದರೆ ಕ್ಯಾಮರಾ ಚೀಲ ಸಿದ್ಧ. ಕವಿಗಳ ಹೆಗಲಿನಲ್ಲಿ ಹಸ್ತಪ್ರತಿಗಳನ್ನು ಹೊತ್ತ ಬಗಲುಚೀಲಕ್ಕೆ ಕ್ಯಾಮರಾ ಭಾರವಾಗಲಾರದು. ಒಳಗೆ ಬೆಲೆಬಾಳುವ ವಸ್ತುವಿದೆಯೆಂದು ಸಾರುವ ಯಾವ ಗುರುತೂ ಅದರ ಮೇಲಿರುವುದಿಲ್ಲವೆಂಬುದು ಇನ್ನೊಂದು ಲಾಭ.

ಸಂಚಿಯ ಪಾಠ

ಮೈಸೂರಿನ ಆ ಗೃಹಸ್ಥರಿಗೆ ಚೀಲದ ವಿದ್ಯೆಯನ್ನು ಕಲಿಸಿದುದು ಅಂಗಡಿಯೂ ಅಲ್ಲ, ಪುಸ್ತಕವೂ ಅಲ್ಲ. ತಾಯಿಯ ಎಲೆಯಡಿಕೆಯ ಸಂಚಿ. ಆಕೆ ತೀರಿಕೊಂಡ ಮೇಲೆ ಅದು ನಡುಮನೆಯ ಗೂಟದಲ್ಲಿಯೇ ತೂಗುತ್ತಿತ್ತು. ತೆಗೆದಿಡಲು ಯಾರಿಗೂ ಕೈಬಂದಿರಲಿಲ್ಲ. ಒಂದು ದಿನ ಅವರು ಅದನ್ನು ಬಿಚ್ಚಿ ನೋಡಿದರು. ಒಂದು ಮಡಿಕೆಯಲ್ಲಿ ಒಣಗಿದ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಳಗಿನ ಪುಟ್ಟ ಜೇಬಿನಲ್ಲಿ ನಾಲ್ಕು ಲವಂಗ, ಒಂದು ಹತ್ತು ರೂಪಾಯಿನ ನೋಟು. ವಿದ್ಯುತ್ತು ಹೋದ ಕತ್ತಲೆಯಲ್ಲಿಯೂ, ಮೊಮ್ಮಗಳಿಗೆ ಕಥೆ ಹೇಳುತ್ತಿರುವಾಗಲೂ ಆಕೆಯ ಬೆರಳು ತಪ್ಪದೆ ಸುಣ್ಣದ ಡಬ್ಬಿಗೇ ಹೋಗುತ್ತಿದ್ದುದು ಅವರ ನೆನಪಿಗೆ ಬಂದಿತು. ಐವತ್ತು ವರ್ಷ ಆ ಡಬ್ಬಿ ಸ್ಥಳ ಬದಲಿಸಿರಲಿಲ್ಲ.

ಕ್ಯಾಮರಾ ಚೀಲದ ಒಳವ್ಯವಸ್ಥೆಗೆ ಇದಕ್ಕಿಂತ ಮಿಗಿಲಾದ ಸೂತ್ರವಿಲ್ಲ. ಪ್ರತಿಯೊಂದಕ್ಕೂ ಒಂದು ಸ್ಥಳ. ಆ ಸ್ಥಳ ಎಂದಿಗೂ ಬದಲಾಗಕೂಡದು. ಕ್ಯಾಮರಾವನ್ನು ನಡುವೆ, ಹಿಡಿಕೆ ಮೇಲೆ ಬರುವಂತೆ, ಲೆನ್ಸು ಕೆಳಮುಖವಾಗಿ ಇಡಬೇಕು. ಲೆನ್ಸಿನ ಮೂತಿ ತಳಕ್ಕೆ ಒತ್ತದಂತೆ ಕೆಳಗೆ ಮೆತ್ತೆಯಿರಲಿ. ಎರಡನೆಯ ಲೆನ್ಸು ಪಕ್ಕದ ಗೂಡಿನಲ್ಲಿರಲಿ. ತುಂಬಿದ ಬ್ಯಾಟರಿ ಬಲಜೇಬಿನಲ್ಲಿ, ಮುಗಿದ ಬ್ಯಾಟರಿ ಎಡಜೇಬಿನಲ್ಲಿ ಎಂಬ ಒಂದು ನಿಯಮ ಎಷ್ಟೋ ಪರದಾಟವನ್ನು ತಪ್ಪಿಸುತ್ತದೆ. ಬೀಗದ ಕೈ, ಚಿಲ್ಲರೆ ನಾಣ್ಯ, ಪೆನ್ನುಗಳು ಕ್ಯಾಮರಾದ ಗೂಡಿಗೆ ಎಂದೂ ಹೋಗಕೂಡದು; ಗೀರು ಬೀಳುವುದು ಇವುಗಳಿಂದಲೇ. ನೀರಿನ ಸೀಸೆ, ಒದ್ದೆ ಕೊಡೆಗಳಿಗೆ ಹೊರಜೇಬೇ ಗತಿ. ಗೂಡು ಖಾಲಿಯಿದೆಯೆಂದು ತುಂಬುವ ಚಪಲವನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟ. ಚೀಲದಲ್ಲಿ ಒಂದು ಗೂಡು ಬರಿದಾಗಿಯೇ ಇರಲಿ. ಜಾತ್ರೆಯಲ್ಲಿ ಮಗುವಿಗೆ ಕೊಂಡ ಬೊಂಬೆಯನ್ನಿಡಲು ಬೇಕಾಗುತ್ತದೆ.

ಹಳ್ಳಿಗಾಡಿನ ಹಸಿಬೆಚೀಲವೂ ಒಂದು ಪಾಠ ಹೇಳುತ್ತದೆ. ಹೆಗಲಿನ ಹಿಂದೊಂದು, ಮುಂದೊಂದು ಬಾಯಿಯಿರುವ ಆ ಚೀಲದಲ್ಲಿ ಭಾರ ಎರಡು ಕಡೆಗೂ ಸಮನಾಗಿ ಬೀಳುತ್ತಿತ್ತು. ಇಂದಿನ ಹೆಗಲುಚೀಲಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಹೆಗಲು ಬದಲಿಸುವುದನ್ನಾದರೂ ರೂಢಿಸಿಕೊಳ್ಳಬೇಕು.

ಮಳೆಗಾಲದ ಶತ್ರು

ಅಲಮಾರಿನ ನೆತ್ತಿಯಲ್ಲಿದ್ದ ದೊಡ್ಡ ಚೀಲಕ್ಕೆ ಒಂದು ಮಳೆಗಾಲ ಕಳೆದಿತ್ತು. ಅದನ್ನಿಳಿಸಿ ಲೆನ್ಸನ್ನು ಬೆಳಕಿಗೆ ಹಿಡಿದಾಗ ಗಾಜಿನೊಳಗೆ ಜೇಡರಬಲೆಯಂಥ ತೆಳುವಾದ ಎಳೆಗಳು ಕಂಡುವು. ಅದು ಶಿಲೀಂಧ್ರ, ಅರ್ಥಾತ್ ಬೂಷ್ಟು. ಗಾಳಿಯ ತೇವಾಂಶ ಬಹುಕಾಲ ನೂರಕ್ಕೆ ಅರುವತ್ತೈದು ಎಪ್ಪತ್ತನ್ನು ಮೀರಿ ನಿಂತರೆ, ಕತ್ತಲೆಯೂ ಗಾಳಿಯಾಡದಿರುವಿಕೆಯೂ ಕೂಡಿಕೊಂಡರೆ ಅದು ಬೆಳೆಯುತ್ತದೆ. ಅದು ಒಸರುವ ಆಮ್ಲ ಗಾಜಿನ ಮೇಲಣ ಲೇಪವನ್ನೇ ತಿಂದುಹಾಕುತ್ತದೆ. ಬಹಳ ದಿನ ಬಿಟ್ಟರೆ ಒರೆಸಿದರೂ ಹೋಗದ ಕಲೆ ಉಳಿಯುತ್ತದೆ. ಕರಾವಳಿಯಲ್ಲಿಯೂ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಮಲೆನಾಡಿನಲ್ಲಿಯೂ ಇರುವವರಿಗೆ ಈ ಶತ್ರುವಿನ ಪರಿಚಯ ಹೇಳಿಕೊಡಬೇಕಾಗಿಲ್ಲ.

ಬಟ್ಟೆ, ಚರ್ಮ, ಮೆತ್ತೆಗಳು ತೇವವನ್ನು ಹೀರಿ ಹಿಡಿದಿಡುತ್ತವೆ. ಆದುದರಿಂದ ಚೀಲವೆಂಬುದು ಕ್ಯಾಮರಾದ ಪ್ರಯಾಣದ ಬಿಡಾರವೇ ಹೊರತು ವಾಸದ ಮನೆಯಲ್ಲ. ಮಳೆಗಾಲದ ರಾತ್ರಿಗಳಲ್ಲಿ ಕ್ಯಾಮರಾವನ್ನೂ ಲೆನ್ಸುಗಳನ್ನೂ ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜೊತೆಗೆ ಇಡಬೇಕು. ಒಂದು ಪುಟ್ಟ ತೇವಮಾಪಕವಿದ್ದರೆ ಇನ್ನೂ ಉತ್ತಮ. ಮುಳ್ಳು ನಲವತ್ತು ಐವತ್ತರ ನಡುವೆ ನಿಂತರೆ ನಿಶ್ಚಿಂತೆ. ಹರಳುಗಳು ತೇವ ಕುಡಿದಾಗ ಬಣ್ಣ ಬದಲಿಸುತ್ತವೆ. ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತುವಿರುವುದರಿಂದ, ಮಕ್ಕಳಿರುವ ಮನೆಗೆ ಕಿತ್ತಳೆಬಣ್ಣದ ಬಗೆಯೇ ವಾಸಿ. ಬಣ್ಣ ಬದಲಿಸಿದ ಹರಳುಗಳನ್ನು ಸುಮಾರು 110–120 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಚೀಲವನ್ನು ಬಿಸಿಲು ಬಿದ್ದ ದಿನ ಬಾಯಿ ತೆರೆದು ಒಣಗಹಾಕಬೇಕು.

ಹವಾನಿಯಂತ್ರಿತ ಕೊಠಡಿಯಿಂದ ಮಂಗಳೂರಿನಂಥ ಊರಿನ ಬೆವರು ಗಾಳಿಗೆ ಕ್ಯಾಮರಾವನ್ನು ಥಟ್ಟನೆ ತೆಗೆದರೆ ಗಾಜಿನ ಮೇಲೆ ನೀರಿನ ಮಂಜು ಕೂರುತ್ತದೆ. ಹೊರಡುವ ಮುನ್ನ ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗೆ ಬಂದ ಮೇಲೆ ಅರ್ಧ ಗಂಟೆ ಹಾಗೆಯೇ ಬಿಟ್ಟು ಬಿಚ್ಚಿದರೆ ಈ ತೊಂದರೆಯಿಲ್ಲ. ಚೀಲದಲ್ಲಿ ಒಂದು ಪ್ಲಾಸ್ಟಿಕ್ ಚೀಲವಿರಲೆಂದು ಹೇಳಿದುದು ಇದಕ್ಕಾಗಿಯೇ. ಅಕಾಲದ ಮಳೆಗೂ ಅದೇ ಆಗುತ್ತದೆ.

ಸಂದಣಿಯಲ್ಲಿ, ಪ್ರಯಾಣದಲ್ಲಿ

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕಾರ್ತಿಕದ ಕೊನೆಯ ಸೋಮವಾರ ಹೋದವರಿಗೆ ಸಂದಣಿಯೆಂದರೇನೆಂಬುದು ಗೊತ್ತು. ಅಂಥಲ್ಲಿ ಪಟ್ಟಿಯನ್ನು ಒಂದೇ ಹೆಗಲಿಗೆ ನೇತುಹಾಕದೆ ತಲೆಯ ಮೇಲಿನಿಂದ ಅಡ್ಡಲಾಗಿ ಹಾಕಿಕೊಂಡು, ಚೀಲವನ್ನು ಹೊಟ್ಟೆಯ ಮುಂದಕ್ಕೆ ಎಳೆದುಕೊಳ್ಳಬೇಕು. ಮುಚ್ಚಳದ ಬಾಯಿ ದೇಹದ ಕಡೆಗೆ ತೆರೆಯುವಂತಿದ್ದರೆ ಕಳ್ಳನಿಗೆ ಕೆಲಸ ಕಷ್ಟ. ಬಸ್ಸಿನಲ್ಲಿ ಚೀಲದ ಸ್ಥಳ ತೊಡೆ. ಆಟೋರಿಕ್ಷಾದಲ್ಲಿ ಪಟ್ಟಿಯನ್ನು ಕಾಲಿಗೊಮ್ಮೆ ಸುತ್ತಿಕೊಂಡರೆ ಮರೆತು ಇಳಿಯುವ ಭಯವಿಲ್ಲ. ಕ್ಯಾಮರಾ, ಲೆನ್ಸುಗಳ ಮೇಲಿರುವ ಕ್ರಮಸಂಖ್ಯೆಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಚಿತ್ರ ತುಂಬಿದ ಕಾರ್ಡನ್ನು ಮಾತ್ರ ಚೀಲದಲ್ಲಿಡದೆ ಅಂಗಿಯ ಒಳಜೇಬಿನಲ್ಲಿಡುವುದು ಜಾಣತನ. ಕ್ಯಾಮರಾ ಹೋದರೆ ಇನ್ನೊಂದು ಬರುತ್ತದೆ. ಮಗುವಿನ ಮೊದಲ ಹೆಜ್ಜೆ ಇನ್ನೊಮ್ಮೆ ಬರುವುದಿಲ್ಲ.

ವಿಮಾನದಲ್ಲಿ ಹೋಗುವವರು ಹೆಚ್ಚಿನ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬುದು ನಿಯಮ. ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಅವಕ್ಕೆ ಅವಕಾಶವಿಲ್ಲ. ಲೋಹದ ತುದಿಗಳು ಒಂದಕ್ಕೊಂದು ತಾಗದಂತೆ ಪ್ರತಿಯೊಂದಕ್ಕೂ ಮುಚ್ಚಳವಿರಬೇಕು. ಈಗಲೂ ಫಿಲಂ ಬಳಸುವ ಹವ್ಯಾಸಿಗಳು ಸುರುಳಿಗಳನ್ನು ಪಾರದರ್ಶಕ ಚೀಲದಲ್ಲಿಟ್ಟು, ಕ್ಷಕಿರಣ ಯಂತ್ರಕ್ಕೆ ಹಾಕದೆ ಕೈಯಿಂದ ಪರೀಕ್ಷಿಸುವಂತೆ ವಿನಯದಿಂದ ಕೇಳಿಕೊಳ್ಳಬಹುದು. ಹೊಸ ಬಗೆಯ ಸಿ.ಟಿ. ಯಂತ್ರಗಳು ಫಿಲಮನ್ನು ಕೆಡಿಸುತ್ತವೆ.

ಜೇಬಿನಲ್ಲಿ ಫೋನಿರುವಾಗ ಇಷ್ಟೆಲ್ಲ ಏಕೆಂಬ ಪ್ರಶ್ನೆಗೆ ಅರ್ಥವಿಲ್ಲದೆ ಇಲ್ಲ. ಫೋನು ಸಾಕಾದವರಿಗೆ ಚೀಲ ಬೇಡ. ಆದರೆ ಹಣ ತೆತ್ತು ಕ್ಯಾಮರಾವನ್ನು ತಂದ ಮನೆಯಲ್ಲಿ ಅದು ಅಲಮಾರಿನ ಮೇಲೆ ಕುಳಿತು ಬೂಷ್ಟು ಹಿಡಿಯುವುದು ಮಾತ್ರ ಯಾವ ಲೆಕ್ಕಕ್ಕೂ ಸೇರದ ನಷ್ಟ.

ಮೈಸೂರಿನ ಆ ಗೃಹಸ್ಥರು ದೊಡ್ಡ ಲೆನ್ಸುಗಳೆರಡನ್ನೂ ಶುಚಿಮಾಡಿಸಿ ಮಾರಿದರು. ದೊಡ್ಡ ಚೀಲವನ್ನು ವೃತ್ತಿಯವರೊಬ್ಬರಿಗೆ ಕೊಟ್ಟರು. ಈಗ ಅವರ ಮನೆಯ ಬಾಗಿಲ ಬಳಿ, ಸಂಚಿ ತೂಗುವ ಗೂಟದ ಪಕ್ಕದಲ್ಲಿ ಇನ್ನೊಂದು ಗೂಟವಿದೆ. ಅಲ್ಲಿ ಒಂದು ಸಣ್ಣ ಕ್ಯಾನ್ವಾಸ್ ಚೀಲ. ಒಳಗೆ ಒಂದು ಕ್ಯಾಮರಾ, ಒಂದು ಲೆನ್ಸು. ಎಲ್ಲ ಸೇರಿ ಒಂದೂವರೆ ಕಿಲೋ. ತರಕಾರಿಗೆ ಹೋಗುವಾಗಲೂ ಅದು ಅವರ ಹೆಗಲಿಗೇರುತ್ತದೆ. ಮಳೆಗಾಲದ ರಾತ್ರಿ ಕ್ಯಾಮರಾ ಡಬ್ಬಿಗೆ ಹೋಗುತ್ತದೆ; ಬೆಳಗ್ಗೆ ಮರಳಿ ಚೀಲ ಸೇರುತ್ತದೆ.

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಅವರು ಜಗಲಿಯ ಬಿಸಿಲಿನಲ್ಲಿ ಪತ್ರಿಕೆ ಓದುತ್ತ ತೂಕಡಿಸಿದ್ದರು. ಅಂದು ಕೆರೆಯ ಏರಿಯ ಮೇಲೆ ಓಡಿಹೋದ ಹುಡುಗಿ ಈಗ ಪ್ರೌಢಶಾಲೆಯಲ್ಲಿದ್ದಾಳೆ. ಅವಳು ಸದ್ದಿಲ್ಲದೆ ಗೂಟದಿಂದ ಚೀಲವನ್ನಿಳಿಸಿ, ಹೆಗಲಿಗೆ ಹಾಕಿಕೊಂಡು, ತಂದೆಯ ಒಂದು ಚಿತ್ರವನ್ನು ತೆಗೆದಳು. ಮೂಗಿನ ಮೇಲೆ ಜಾರಿದ ಕನ್ನಡಕ, ಎದೆಯ ಮೇಲೆ ಬಿಚ್ಚಿದ ಪತ್ರಿಕೆ, ನರೆಗೂದಲ ಅಂಚಿಗೆ ತಾಗಿದ ಬಿಸಿಲು. ಚಿತ್ರ ಚೆನ್ನಾಗಿ ಬಂದಿದೆ. ನಡುಮನೆಯ ಗೋಡೆಯ ಮೇಲಿದೆ. ಚೀಲ ಹಿಂದಿನಷ್ಟು ಭಾರವಾಗಿದ್ದರೆ ಆ ಹುಡುಗಿ ಅದನ್ನು ಮುಟ್ಟುತ್ತಲೂ ಇರಲಿಲ್ಲ.